ಎಂಟು ನಿಮಿಷದ ಅಪರಿಚಿತೆ

ಆಕೆ ತೀರಿಕೊಂಡ ಸುದ್ದಿಯನ್ನು ನಾನು ಓದಿದ್ದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಯಾರೋ ಟೇಬಲ್ಲಿನ ಮೇಲೆ ಬಿಟ್ಟುಹೋಗಿದ್ದ ಪತ್ರಿಕೆಯ ಒಳಪುಟದಲ್ಲಿ. ಚಿಕ್ಕದೊಂದು ಫೋಟೊ, ಕೆಳಗೆ ಎರಡು ಕಾಲಂ ಬರಹ. ಓದಿದ ಕೂಡಲೇ ನನಗೆ ಅಳು ಬರಲಿಲ್ಲ. ಮೊದಲು ಬಂದದ್ದು ನೆಮ್ಮದಿ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ. ಆಮೇಲೆ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟೆ. ಅಂಥ ಹೆಂಗಸು ಸತ್ತಳೆಂದು ನೆಮ್ಮದಿಪಟ್ಟ ನಾನು ಎಂಥವಳು ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸುತ್ತಿ ಬಳಸಿ ಹೇಳುವುದೇನು, ಈಗಲೇ ಹೇಳಿಬಿಡುತ್ತೇನೆ. ಈ ದೇಶದಲ್ಲಿ ನಾನು ಡಾಕ್ಟರ್ ಎಂದು ನಿಂತಿರುವುದು ಒಂದು ಪರೀಕ್ಷೆಯ ಬಲದ ಮೇಲೆ. ಆ ಪರೀಕ್ಷೆಯಲ್ಲಿ ನಾನು ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ನನ್ನ ಗಂಡನನ್ನು ಬಿಟ್ಟರೆ ಅದು ಗೊತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ, ಆಕೆ. ಆಕೆ ಬಾಯಿಬಿಟ್ಟಿದ್ದರೆ ನನ್ನ ರಿಜಿಸ್ಟ್ರೇಷನ್ ಹೋಗುತ್ತಿತ್ತು. ಅದೂ ಆಕೆ ಬರೀ ನಟಿಯಲ್ಲ, ಟಿ.ವಿ.ಗೆ ಸ್ಕ್ರಿಪ್ಟ್ ಬರೆಯುವವಳು. ಕಂಡದ್ದು, ಕೇಳಿದ್ದು ಯಾವುದನ್ನೂ ಬಿಡದೆ ಬರೆಯುವವಳು. ಅಂಥವಳ ಕೈಯಲ್ಲಿ ನನ್ನ ಜುಟ್ಟು ಸಿಕ್ಕಿತ್ತು. ಆರೇಳು ವರ್ಷ ನಾನು ಟಿ.ವಿ. ಹಾಕುವಾಗಲೂ ಹೆದರಿದ್ದೇನೆ.

ಆಕೆಯ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ಕೆಂಪು ಇಟ್ಟಿಗೆಯ ಮನೆ, ಮೇಲೆ ವಿಮಾನಗಳು ಚಕ್ರ ಬಿಚ್ಚಿಕೊಂಡು ಇಳಿಯುವ ದಾರಿ. ನಮ್ಮ ಮನೆಯವರು ಡರ್ಬಿಯಲ್ಲಿ ವಿಮಾನದ ಇಂಜಿನ್ ಮಾಡುವ ಕಾರ್ಖಾನೆಗೆ ಕಾಂಟ್ರಾಕ್ಟ್ ಮೇಲೆ ಐ.ಟಿ. ಕೆಲಸಕ್ಕೆ ಹೋಗುತ್ತಿದ್ದರು, ಶನಿವಾರ ಬಂದು ಭಾನುವಾರ ಹೋಗುತ್ತಿದ್ದರು. ನಾನು ವಿಜಯಪುರದಲ್ಲಿ ಐದು ವರ್ಷ ಡಾಕ್ಟರಿಕೆ ಮಾಡಿ ಬಂದವಳು, ಇಲ್ಲಿ ದೊಡ್ಡ ಡಾಕ್ಟರುಗಳ ಹಿಂದೆ ಸುಮ್ಮನೆ ಕೈಕಟ್ಟಿ ನಿಂತು ಕಲಿಯುತ್ತಿದ್ದೆ. ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದೆ. ನಾಲ್ಕನೆಯದೇ ಕೊನೆ. ಅದೂ ಹೋದರೆ ಈ ದೇಶದಲ್ಲಿ ಜನ್ಮದಲ್ಲಿ ಡಾಕ್ಟರ್ ಅನ್ನಿಸಿಕೊಳ್ಳುವ ಹಾಗಿರಲಿಲ್ಲ.

ಹೋದ ಮೊದಲ ವಾರವೇ ಒಂದು ಸಂಜೆ ಗೋಡೆಯಾಚೆ ಗಂಡಸೊಬ್ಬ ಯಾರನ್ನೋ ಬಾಯಿಗೆ ಬಂದಂತೆ ಬೈಯುವುದು ಕೇಳಿಸಿತು. ನಡುವೆ ಒಂದು ಮಗು ಬಿಕ್ಕುವ ಸದ್ದು. ಮನೆಯಲ್ಲಿ ಆಕೆ ಒಬ್ಬಳೇ ಇರುವುದೆಂದು ನಂಬಿ ಬಂದಿದ್ದೆ. ಡರ್ಬಿಗೆ ಫೋನ್ ಮಾಡಿದೆ.

"ಮನ್ಯಾಗ ಯಾವನೋ ಗಂಡಸು ಅದಾನ್ರೀ. ಒಂದು ಕೂಸು ಅಳಾಕತ್ತೈತಿ."

"ನೀ ಬಾಗಲಾ ಹಾಕ್ಕೊಂಡು ಒಳಗ ಕುಂದ್ರು. ನಾ ಶನಿವಾರ ಬರ್ತೀನಲ್ಲ, ನೋಡೂಣು," ಎಂದರು ಇವರು. ಅಂದು ಮಂಗಳವಾರ.

ಕೊನೆಗೆ ಬಾಗಿಲು ತೆರೆದು ಇಣುಕಿದೆ. ಅಡಿಗೆಮನೆಯಲ್ಲಿ ಆಕೆ ಒಬ್ಬಳೇ ಆಲೂಗಡ್ಡೆ ಹೆರೆಯುತ್ತ ನಿಂತಿದ್ದಳು. ಗಂಡಸೂ ಆಕೆಯೇ, ಮಗುವೂ ಆಕೆಯೇ. ಬರೆಯುವ ಪ್ರತಿ ಮಾತನ್ನೂ ಹೀಗೆ ಬಾಯಲ್ಲಿ ಆಡಿ ನೋಡುತ್ತಿದ್ದಳು. ಸರಿಹೋಗದಿದ್ದರೆ ಹೆರೆಯುವ ಕೈ ಹಾಗೇ ಗಾಳಿಯಲ್ಲಿ ನಿಲ್ಲುತ್ತಿತ್ತು. ಸರಿಹೋದರೆ ಒದ್ದೆ ಕೈಯಲ್ಲೇ ಯಾವುದಾದರೂ ಲಕೋಟೆಯ ಬೆನ್ನಿಗೆ ಗೀಚುವಳು. ಕೌನ್ಸಿಲ್ ಟ್ಯಾಕ್ಸಿನ ನೋಟಿಸು ಬಂದ ಲಕೋಟೆಯ ಮೇಲೆ ಒಂದು ಕೊಲೆಯ ದೃಶ್ಯವನ್ನು ಪೂರ್ತಿ ಬರೆದಿದ್ದನ್ನು ನಾನೇ ನೋಡಿದ್ದೇನೆ.

"ಹೆದರಿಸಿಬಿಟ್ನಾ, ಲವ್?" ಅಂದಳು. ಆ ಕಡೆಯವರು ಎಲ್ಲರನ್ನೂ ಲವ್ ಎಂದೇ ಕರೆಯುವುದು, ಬಸ್ ಡ್ರೈವರ್ ಕೂಡ. ನನಗೆ ಮಾತ್ರ ಆಕೆ ಮೊದಲ ದಿನದಿಂದ ಕೊನೆಯ ದಿನದವರೆಗೂ ಮೇಡಂ.

ಆಕೆ ಲೀಡ್ಸ್ ಊರಿನ ಬಟ್ಟೆ ಗಿರಣಿಯ ಕೆಲಸಗಾರನ ಮಗಳು. ಹದಿನೇಳಕ್ಕೆ ನಾಟಕ ಕಂಪನಿ ಸೇರಿ, ಊರೂರು ಅಲೆದು, ಮೂವತ್ತು ದಾಟಿದ ಮೇಲೆ ಟಿ.ವಿ. ಧಾರಾವಾಹಿಯೊಂದರಲ್ಲಿ ಪಬ್ ನಡೆಸುವ ಹೆಂಗಸಿನ ಪಾರ್ಟು ಸಿಕ್ಕಿತಂತೆ. ಆರು ವರ್ಷ ಅದೇ ಪಾರ್ಟು. ನಾನಿದ್ದ ಕಾಲಕ್ಕೆ ಅದು ಮುಗಿದು ಎಷ್ಟೋ ವರ್ಷವಾಗಿತ್ತು. ಆದರೂ ಸೂಪರ್‌ಮಾರ್ಕೆಟ್ಟಿನಲ್ಲಿ ಮುದುಕರು ಅಡ್ಡಹಾಕಿ "ಒಂದು ಪೈಂಟ್ ಬಿಯರ್ ಕೊಡಮ್ಮ" ಎನ್ನುತ್ತಿದ್ದರು. ಆಕೆ ಒಬ್ಬರಿಗೂ ಮುಖ ಸಿಂಡರಿಸಿದವಳಲ್ಲ. "ನಿನ್ನೆಯ ಬಾಕಿ ಕೊಟ್ಟಿಲ್ಲ ನೀನು," ಎಂದು ಗದರಿ ಕಳಿಸುತ್ತಿದ್ದಳು.

ಆ ಪಾತ್ರವನ್ನು ಒಂದು ದಿನ ಕಾಲುವೆಗೆ ಬೀಳಿಸಿ ಕೊಂದರು. ಆಕೆಗೆ ಯಾರೂ ಮುಂಚೆ ಹೇಳಿರಲಿಲ್ಲ. "ಟ್ರೇನಲ್ಲಿ ಸ್ಕ್ರಿಪ್ಟ್ ಓದ್ತಾ ಇದ್ದೆ. ನಲವತ್ತನೇ ಪುಟದಲ್ಲಿ ನಾನು ಸತ್ತಿದ್ದೆ," ಎಂದು ನಗುತ್ತ ಹೇಳುತ್ತಿದ್ದಳು. "ಅವತ್ತೇ ತೀರ್ಮಾನ ಮಾಡಿದೆ. ಇನ್ಮೇಲೆ ಯಾರು ಸಾಯ್ಬೇಕು ಅಂತ ನಾನೇ ಬರೀತೀನಿ." ಹಾಗೆ ಬರವಣಿಗೆಗೆ ಇಳಿದಳು. ಪೊಲೀಸ್ ಕಥೆ, ಆಸ್ಪತ್ರೆ ಕಥೆ, ಬೇರೆಯವರ ಧಾರಾವಾಹಿಗೆ ನಾಲ್ಕೈದು ಕಂತು. ಹೆಸರು ತೆರೆಯ ಮೇಲೆ ಓಡಿಹೋಗುವುದರೊಳಗೆ ಓದಿಕೊಳ್ಳಬೇಕಿತ್ತು.

ಐವತ್ತು ದಾಟಿದ ಹೆಂಗಸಿಗೆ ಪಾರ್ಟು ಕೊಡುವವರು ಕಡಿಮೆ. ಫೋನ್ ಬಂದರೆ ಆಕೆ ಪಕ್ಕದಲ್ಲೇ ಕೂತಿದ್ದರೂ ಮೂರು ಸಲ ರಿಂಗಾಗಲು ಬಿಡುತ್ತಿದ್ದಳು. ಕಾಯುತ್ತಿದ್ದೆನೆಂದು ಆಚೆಯವರಿಗೆ ತಿಳಿಯಬಾರದು. ಮಾತು ಮುಗಿಸಿ "ಗ್ಯಾಸ್ ಬಿಲ್ಲಿನವರು" ಎಂದು ಹೇಳುವಾಗ ಮುಖ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ. ಆ ಮನೆಯಲ್ಲಿ ಹೆದರಿಕೊಂಡಿದ್ದವಳು ನಾನೊಬ್ಬಳೇ ಅಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಹೊಟ್ಟೆಪಾಡಿಗೆ ಆಕೆ ಮಾಡುತ್ತಿದ್ದ ಕೆಲಸವೇ ಬೇರೆ. ರೋಗಿಯಾಗುವುದು. ಇಲ್ಲಿ ಡಾಕ್ಟರುಗಳ ಪರೀಕ್ಷೆಗೆ ನಿಜವಾದ ರೋಗಿಗಳನ್ನು ಕರೆಸುವುದಿಲ್ಲ, ನಟರನ್ನು ಕೂರಿಸುತ್ತಾರೆ. ಸಾಲಾಗಿ ಚಿಕ್ಕ ಚಿಕ್ಕ ಕೋಣೆ. ಒಂದೊಂದರಲ್ಲೂ ಒಬ್ಬ ನಟ, ಮೂಲೆಯಲ್ಲಿ ಒಬ್ಬ ಪರೀಕ್ಷಕ. ಬೆಲ್ ಹೊಡೆದರೆ ಒಳಗೆ ಹೋಗಬೇಕು. ಎಂಟು ನಿಮಿಷ ರೋಗಿಯ ಜೊತೆ ಮಾತಾಡಬೇಕು. ಮತ್ತೆ ಬೆಲ್, ಮುಂದಿನ ಕೋಣೆ. ನಾನು ಮೂರು ಸಲ ಮುಗ್ಗರಿಸಿದ್ದು ರೋಗ ಗುರುತಿಸುವುದರಲ್ಲಿ ಅಲ್ಲ, ಈ ಮಾತಿನಲ್ಲಿ.

ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳಿಕೊಡುವುದಿಲ್ಲವೆಂದು ಆಕೆ ಸಹಿ ಹಾಕಿದ್ದಳು. ನನಗೆ ಅದು ಗೊತ್ತಿತ್ತು. ಆಕೆಯಾಗಿ ಹೇಳಿಕೊಡುತ್ತೇನೆಂದೂ ಅನ್ನಲಿಲ್ಲ, ನಾನಾಗಿ ಕೇಳಲೂ ಇಲ್ಲ. ಒಂದು ದಿನ ನಾನು ಅಡಿಗೆಮನೆಯಲ್ಲಿ ಓದಿಕೊಂಡು ಅಳುತ್ತಿದ್ದೆ. ಆಕೆ ಎದುರಿನ ಕುರ್ಚಿ ಎಳೆದು ಕೂತು, ಒಂದು ಕ್ಷಣ ಕಣ್ಣುಮುಚ್ಚಿ, ತೆರೆದು, "ಡಾಕ್ಟ್ರೇ, ನನ್ನ ಎದೇಲಿ ಗಂಟಿತ್ತಲ್ಲ, ರಿಪೋರ್ಟ್ ಬಂತಾ?" ಎಂದು ಕೇಳಿದಳು. ಕೂತಿದ್ದವಳು ಆಕೆಯಾಗಿರಲಿಲ್ಲ, ಯಾವಳೋ ಹೆದರಿದ ಹೆಂಗಸು.

ನಾನು ಗಾಬರಿಯಲ್ಲಿ ನಮ್ಮೂರಿನ ರೂಢಿಯಂತೆ ಕೇಳಿದೆ: "ನಿಮ್ಮ ಜೊತೆ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

"ಮಗ ಇದ್ದಾನಾ? ಸ್ವಲ್ಪ ಅವನನ್ನ ಕಳಿಸ್ತೀರಾ? ಅವನ ಹತ್ರ ಮಾತಾಡ್ತೀನಿ."

ಆಕೆ ಆ ಹೆಂಗಸಿನ ಮುಖವನ್ನು ಬಿಡದೆಯೇ ಹೇಳಿದಳು: "ಸಾಯೋಳು ನಾನು. ನೀನು ನನ್ನ ಮಗನ ಹತ್ರ ಏನು ಮಾತಾಡ್ತೀಯ?"

ವಿಜಯಪುರದಲ್ಲಿ ನಾವು ಮಾಡುತ್ತಿದ್ದದ್ದೇ ಅದು. ಕೆಟ್ಟ ಸುದ್ದಿ ಇದ್ದರೆ ರೋಗಿಗೆ "ಹೊರಗ ಕುಂದರ್ರೀ ಯಮ್ಮಾ" ಎಂದು ಹೇಳಿ, ಹಿರಿಮಗನನ್ನೋ ಅಳಿಯನನ್ನೋ ಒಳಗೆ ಕರೆದು ಹೇಳುವುದು. ರೋಗಿಗೆ "ಏನೂ ಆಗೂದಿಲ್ಲ, ಹೆದರಬ್ಯಾಡ್ರಿ" ಎನ್ನುವುದು. ಅದರಲ್ಲಿ ಮೋಸವಿದೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಕರುಣೆ ಅಂದುಕೊಂಡಿದ್ದೆ. ಮೂರು ಪರೀಕ್ಷೆಯಲ್ಲೂ ಅದನ್ನೇ ಮಾಡಿ ಬಂದಿದ್ದೆ.

"ಏನೂ ಆಗಲ್ಲ ಅಂತೀಯಲ್ಲ, ನಿನಗೆ ಹೇಗೆ ಗೊತ್ತು?" ಎನ್ನುತ್ತಿದ್ದಳು ಆಕೆ. "ನಿನ್ನ ಭಯ ಕಡಿಮೆಯಾಗ್ಲಿ ಅಂತ ಹೇಳ್ತಾ ಇದೀಯ. ನನ್ನದಲ್ಲ."

ಅಂದಿನಿಂದ ಮೂರು ತಿಂಗಳು ದಿನಾ ಸಂಜೆ ಇದೇ ಕಸುಬು. ನಾನು ರೊಟ್ಟಿ ಬಡಿಯುವುದು, ಆಕೆ ಟೋಸ್ಟಿನ ಮೇಲೆ ನನ್ನ ಶೇಂಗಾ ಹಿಂಡಿಯ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತ ರೋಗಿಯಾಗುವುದು. ಕುಡುಕಿಯಾದಳು, ಮಗು ಕಳೆದುಕೊಂಡ ತಾಯಿಯಾದಳು, ಗಂಡನ ಹೊಡೆತ ಮುಚ್ಚಿಡುವ ಬ್ಯಾಂಕ್ ಮ್ಯಾನೇಜರಾದಳು. ನಿಂತೇ ಮಾತಾಡಿದರೆ ಬೈಯುತ್ತಿದ್ದಳು. ದೊಡ್ಡ ಡಾಕ್ಟರುಗಳ ಮುಂದೆ ನಿಂತು ನಿಂತು ನನಗೆ ರೋಗಿಯ ಮುಂದೆಯೂ ಕೂರಲು ಸಂಕೋಚ. "ಕೂತ್ಕೋ. ಹೋಗೋಕೆ ರೆಡಿಯಾಗಿರೋರ ಹತ್ರ ಯಾರೂ ನಿಜ ಹೇಳಲ್ಲ." ಭಯವನ್ನು ನಟಿಸುವುದು ಹೇಗೆಂದು ಒಮ್ಮೆ ಕೇಳಿದೆ. "ನಟಿಸಬಾರದು. ಹೆದರಿದವರು ಅದು ಕಾಣದ ಹಾಗೆ ಒದ್ದಾಡ್ತಾರಲ್ಲ, ಆ ಒದ್ದಾಟ ಮಾಡಿದ್ರೆ ಸಾಕು," ಎಂದಳು. ಮೂರು ತಿಂಗಳಲ್ಲಿ ಇಷ್ಟು ಕೊಟ್ಟವಳು ಒಂದೇ ಒಂದು ಸಲವೂ ಪರೀಕ್ಷೆಯಲ್ಲಿ ಬರುವ ಪ್ರಶ್ನೆಯನ್ನು ಬಾಯಿಬಿಡಲಿಲ್ಲ. ಅಷ್ಟರಮಟ್ಟಿಗೆ ಆಕೆ ಕಟ್ಟುನಿಟ್ಟು.

ಒಂದು ಸಂಗತಿ ಮಾತ್ರ ನನ್ನನ್ನು ಕೊರೆಯುತ್ತಿತ್ತು. ನನಗಿಂತ ಮುಂಚೆ ಆ ಕೋಣೆಯಲ್ಲಿ ಸ್ಪೇನಿನ ಹುಡುಗಿಯೊಬ್ಬಳಿದ್ದಳಂತೆ. ಪ್ರೀತಿಸಿದವನು ಕೈಕೊಟ್ಟಾಗ ಆಕೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದಳು. ಆರು ತಿಂಗಳಿಗೆ ಆ ಅಳು, ಆ ಮಾತು ಚಾಚೂ ತಪ್ಪದೆ ಟಿ.ವಿ.ಯಲ್ಲಿ ಬಂತು. ಹುಡುಗಿ ಪೆಟ್ಟಿಗೆ ಕಟ್ಟಿಕೊಂಡು ಹೋದಳು. ಇದನ್ನು ಹೇಳಿದವಳೂ ಆಕೆಯೇ. "ತಪ್ಪು ಮಾಡಿದೆ," ಎಂದಳು, "ಆದ್ರೆ ಆ ದೃಶ್ಯ ಮಾತ್ರ ಚೆನ್ನಾಗಿತ್ತು."

ಪರೀಕ್ಷೆ ಇದ್ದದ್ದು ಊರ ನಡುವಿನ ಕಟ್ಟಡದಲ್ಲಿ. ಆ ದಿನ ತನ್ನನ್ನು ಡ್ಯೂಟಿ ಪಟ್ಟಿಯಲ್ಲಿ ಹಾಕಬೇಡಿರೆಂದು ಆಕೆ ಮೊದಲೇ ಹೇಳಿ ರಜೆ ಪಡೆದಿದ್ದಳು. ಕಾರಣ ಹೇಳಿರಲಿಲ್ಲ. ಬೆಳಿಗ್ಗೆ ಆರೂವರೆಗೆ ನಾನು ಮನೆ ಬಿಡುವಾಗ ಡ್ರೆಸಿಂಗ್ ಗೌನಿನಲ್ಲಿ ಬಾಗಿಲ ತನಕ ಬಂದು, ನನ್ನ ಕೋಟಿನ ಕಾಲರ್ ಸರಿಮಾಡಿ ಕಳಿಸಿದಳು.

ಅಲ್ಲಿ ಮೊದಲು ಎಲ್ಲರನ್ನೂ ಒಂದು ಹಾಲಿನಲ್ಲಿ ಕೂರಿಸಿ ನಿಯಮ ಓದಿದರು. ಯಾವ ಕೋಣೆಯಲ್ಲಾದರೂ ಪರಿಚಯದವರು ಕಂಡರೆ ಕೂಡಲೇ ಪರೀಕ್ಷಕರಿಗೆ ತಿಳಿಸಬೇಕು ಎಂಬುದೂ ಅದರಲ್ಲಿತ್ತು. ಎಲ್ಲರೂ ತಲೆಯಾಡಿಸಿದೆವು.

ಒಂಬತ್ತು ಕೋಣೆ ಮುಗಿದವು. ಹತ್ತನೆಯ ಬಾಗಿಲ ಮೇಲಿನ ಕಾಗದ ಓದಿದೆ: ಸ್ಕ್ಯಾನಿನಲ್ಲಿ ಗಡ್ಡೆ ಕಂಡಿದೆ, ರೋಗಿಗೆ ತಿಳಿಸಿ. ಬೆಲ್ ಹೊಡೆಯಿತು. ಬಾಗಿಲು ತೆಗೆದೆ. ಕುರ್ಚಿಯಲ್ಲಿ ಆಕೆ ಕೂತಿದ್ದಳು.

ಯಾವಳೋ ನಟಿ ಹುಷಾರು ತಪ್ಪಿದ್ದರಿಂದ ನಾನು ಹೊರಟ ಮೇಲೆ ಆಕೆಗೆ ಫೋನ್ ಬಂದಿತ್ತೆಂದು ನನಗೆ ಹೇಗೆ ತಿಳಿಯಬೇಕು? ಮೂಲೆಯಲ್ಲಿದ್ದ ಪರೀಕ್ಷಕನತ್ತ ನೋಡಿದೆ. ಹೇಳಬೇಕು. ಈಗಲೇ ಹೇಳಬೇಕು. ಹೇಳಿದರೆ "ಹೇಗೆ ಪರಿಚಯ?" ಎಂದು ಕೇಳುತ್ತಾರೆ. ಒಂದೇ ಮನೆ ಎನ್ನಬೇಕು. ಮೂರು ತಿಂಗಳು ದಿನಾ ಸಂಜೆ ಏನು ಮಾಡಿದಿರಿ ಎಂದರೆ ಅದಕ್ಕೂ ಉತ್ತರ ಕೊಡಬೇಕು. ನನ್ನ ಪರೀಕ್ಷೆ ರದ್ದು, ಆಕೆಯ ಕೆಲಸ ಹೋಯಿತು. ಇದೆಲ್ಲ ಎರಡು ಉಸಿರಿನಷ್ಟು ಹೊತ್ತು. ಆಕೆಯ ಮುಖ ನೋಡಿದೆ. ಬೆಳಿಗ್ಗೆ ಕಾಲರ್ ಸರಿಮಾಡಿದವಳ ಕಣ್ಣಿನಲ್ಲಿ ನನ್ನ ಗುರುತು ಎಳ್ಳಷ್ಟೂ ಇರಲಿಲ್ಲ. ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಅಪರಿಚಿತಳಂತೆ ನೋಡಿಲ್ಲ.

"ನಮಸ್ಕಾರ. ನಾನು ಇಲ್ಲಿನ ಡಾಕ್ಟರ್," ಎಂದಿತು ನನ್ನ ಬಾಯಿ, ತನ್ನಷ್ಟಕ್ಕೆ. ಅಂದಮೇಲೆ ವಾಪಸು ಹೋಗುವ ದಾರಿ ಇರಲಿಲ್ಲ.

ಕೂತೆ. ಆಕೆ ಸ್ವಲ್ಪವೂ ಸಡಿಲ ಬಿಡಲಿಲ್ಲ. ಮನೆಯಲ್ಲಿ ಕೇಳದ ಪ್ರಶ್ನೆಗಳನ್ನು ಕೇಳಿದಳು. ನಡುವೆ ನನ್ನ ಕೈ ನೋಡಿ, "ನಿಮ್ಮ ಕೈ ನಡುಗ್ತಾ ಇದೆಯಲ್ಲ ಡಾಕ್ಟ್ರೇ. ಅಷ್ಟು ಕೆಟ್ಟದಾ?" ಎಂದಳು. ಪರೀಕ್ಷಕ ತಲೆಯೆತ್ತಿದ. ನಾನು, "ಈ ಮಾತು ಹೇಳೋದು ನನಗೂ ಕಷ್ಟ ಆಗ್ತಿದೆ. ಆದ್ರೂ ನಿಮಗೇ ಹೇಳ್ಬೇಕು," ಎಂದೆ. ಅದು ನಿಜವಾದ ಮಾತು. ಪರೀಕ್ಷಕ ಏನೋ ಬರೆದುಕೊಂಡ. ಆಕೆಯ ಕಣ್ಣಲ್ಲಿ ನೀರು ತುಂಬಿತು. ಆ ನೀರು ಯಾರದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ಮನೆಯಲ್ಲಿ ಕೆಟಲ್ ಕುದಿಯಿತು. "ಹೇಗಾಯ್ತು?" ಎಂದಳು. "ಪರವಾಗಿಲ್ಲ," ಎಂದೆ. "ನನಗೂ ಇದ್ದಕ್ಕಿದ್ದ ಹಾಗೆ ಕೆಲಸ ಬಂತು," ಎಂದಳು. ಅಷ್ಟೇ. ಇಬ್ಬರೂ ಚಹಾ ಕುಡಿದು ಬೇಗ ಮಲಗಿದೆವು. ರೋಗಿ ಆಟ ಅಲ್ಲಿಗೆ ಮುಗಿಯಿತು.

ನಾನು ಪಾಸಾದೆ. ಇವರು ಡರ್ಬಿಯಿಂದ ಒಂದು ಕಿಲೊ ಪೇಡೆ ತಂದು ಆಕೆಯ ಕೈಗಿಟ್ಟು, "ನಿಮ್ಮಿಂದಲೇ ಆಯ್ತು ಮೇಡಂ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇವರಿಗೆ ಏನೂ ಗೊತ್ತಿರಲಿಲ್ಲ. ಆಕೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಿಂಗಳೊಳಗೆ ಕೋಣೆ ಬಿಟ್ಟೆ. ಆಮೇಲೊಮ್ಮೆ ದೂರದಲ್ಲಿ ಆಕೆಯ ಹಸಿರು ಕೋಟು ಕಂಡು ರಸ್ತೆಯ ಆ ಬದಿಗೆ ದಾಟಿದ್ದೇನೆ. ಆಕೆಯೂ ನೋಡಿರಬೇಕು, ಕರೆಯಲಿಲ್ಲ.

ಬಚಾವಾದೆ ಎಂದು ನಿಟ್ಟುಸಿರು ಬಿಡಬೇಕಾದ ದಿನಗಳಲ್ಲಿ ನನ್ನ ಹೆದರಿಕೆ ಶುರುವಾಯಿತು. ಕಚೇರಿಯ ಕಂದು ಲಕೋಟೆ ಬಂದರೆ ಒಡೆಯಲು ಧೈರ್ಯ ಬೇಕು. ಮೇಲಿನವರು "ಒಂದು ನಿಮಿಷ ಬಾ" ಎಂದರೆ ಸಿಕ್ಕಿಬಿದ್ದೆ ಎಂದೇ ಅನಿಸುವುದು. ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಆಕೆಯ ಲಕೋಟೆಗಳಿಗೆ. ಅವುಗಳ ಬೆನ್ನಿಗೆ ನನ್ನ ಎಂಟು ನಿಮಿಷವನ್ನು ಆಕೆ ಗೀಚಿಯೇ ಇರುತ್ತಾಳೆ ಎಂದು ನನಗೆ ಖಾತ್ರಿ.

ಮೂರು ವರ್ಷದ ಮೇಲೆ ಆ ಭಯ ನಿಜವಾಯಿತು. ಒಂದು ಭಾನುವಾರ ಸಂಜೆ ಇವರು ಕೂಗಿದರು: "ಏ, ಬಾ ಇಲ್ಲೆ. ನಿಮ್ಮ ಮೇಡಂ ಟಿ.ವಿ.ಯಾಗ ಬಂದಾರ."

ಆಕೆಯೇ ಬರೆದು ಆಕೆಯೇ ನಟಿಸಿದ ಒಂದೂವರೆ ತಾಸಿನ ಕಥೆ. ಪರೀಕ್ಷೆಯಲ್ಲಿ ರೋಗಿಯಾಗುವ ಒಬ್ಬ ನಟಿಯ ಕಥೆ. ಮೊದಲ ಹತ್ತು ನಿಮಿಷಕ್ಕೇ ನನಗೆ ಗೊತ್ತಾಯಿತು. ಆಕೆಯ ಮನೆಯಲ್ಲಿ ಬಾಡಿಗೆಗೆ ಒಬ್ಬ ಡಾಕ್ಟರ್. ನಾನಲ್ಲ, ಪೋಲೆಂಡಿನ ಗಂಡಸು. ಆದರೆ ಅದೇ ಅಡಿಗೆಮನೆ, ಅದೇ ಕುರ್ಚಿ, "ನಿಮ್ಮ ಮಗನನ್ನ ಕಳಿಸಿ" ಎಂಬ ಅದೇ ಮಾತು.

"ಅಲ್ಲ, ಇದು ನಿನ್ನ ಕಥಿ ಇದ್ದಂಗ ಐತಲ್ಲ," ಎಂದರು ಇವರು ನಗುತ್ತ.

"ಸುಮ್ನಿರ್ರೀ ಸ್ವಲ್ಪ," ಎಂದೆ. ನನ್ನ ಸ್ವರ ಕೇಳಿ ಅವರು ಟಿ.ವಿ. ಬಿಟ್ಟು ನನ್ನನ್ನೇ ನೋಡತೊಡಗಿದರು.

ಬೆಲ್ ಹೊಡೆಯಿತು. ಅವನು ಬಾಗಿಲು ತೆಗೆದ. ಕುರ್ಚಿಯಲ್ಲಿ ಆಕೆ. ನಾನು ಸೋಫಾದ ತುದಿ ಹಿಡಿದೆ. ಅವನು ಒಂದು ಗಳಿಗೆ ನಿಂತ. ಆಮೇಲೆ ಪರೀಕ್ಷಕನ ಕಡೆ ತಿರುಗಿ ಹೇಳಿದ: "ನನಗೆ ಇವರ ಪರಿಚಯ ಇದೆ. ನಾನು ಇವರ ಮನೆಯಲ್ಲೇ ಇರೋದು."

ಅವನನ್ನು ಹೊರಗೆ ಕಳಿಸಿದರು. ವಿಚಾರಣೆಯಾಯಿತು. ಆಕೆಯ ಕೆಲಸ ಹೋಯಿತು, ಅವನು ಊರಿಗೆ ವಾಪಸು ಹೊರಟ. ಹೊರಡುವ ದಿನ ಇಬ್ಬರೂ ಅಡಿಗೆಮನೆಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ. ಕಥೆ ಅಲ್ಲಿಗೆ ಮುಗಿಯಿತು. ಆ ನಗು ನೋಡಲಾರದೆ ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಮರುದಿನ ಫೋನ್ ಮಾಡಿದೆ. ಮೂರು ಸಲ ರಿಂಗಾದ ಮೇಲೆ ಎತ್ತಿದಳು.

"ನೋಡಿದ್ಯಾ?" ಎಂದಳು.

"ಮೇಡಂ, ನನ್ನ ಬಗ್ಗೆ ಯಾಕೆ ಬರೆದ್ರಿ? ಯಾರಾದ್ರೂ ಗುರುತು ಹಿಡಿದ್ರೆ ನನ್ನ ಗತಿ ಏನು?"

"ನಿನ್ನ ಬಗ್ಗೆ ಎಲ್ಲಿ ಬರೆದೆ? ಅವನು ಹೇಳಿದ. ನೀನು ಹೇಳ್ಲಿಲ್ಲ." ಚುಚ್ಚಲಿಕ್ಕೆ ಆಡಿದ ಮಾತಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಎಂಟು ನಿಮಿಷ ಕಾದೆ, ಲವ್. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ."

ನನಗೆ ಸಿಟ್ಟು ಬಂತು. "ನೀವು ಹೇಳ್ಬಹುದಿತ್ತಲ್ಲ?"

"ಹೌದು," ಎಂದಳು. "ಆ ತಿಂಗಳು ನನಗೆ ಬೇರೆ ಕೆಲಸ ಇರ್ಲಿಲ್ಲ. ಮುಂದಿನ ತಿಂಗಳೂ ಇರ್ಲಿಲ್ಲ. ನೀನು ಹೇಳಿದ್ರೆ ಸಿಕ್ಕಿಬೀಳ್ತೀನಿ ಅಂತ ಭಯ, ಹೇಳದಿದ್ರೆ ನಿನ್ನನ್ನ ಕೆಡಿಸಿದೆ ಅಂತ ಭಯ. ಇಬ್ಬರಿಗೂ ಧೈರ್ಯ ಇರ್ಲಿಲ್ಲ. ಅದಕ್ಕೇ ಧೈರ್ಯ ಇರೋ ಒಬ್ಬನನ್ನ ಬರೆದೆ." ಆಮೇಲೆ, "ನೀನು ಒಳ್ಳೆ ಡಾಕ್ಟರ್. ಅದು ಸುಳ್ಳಲ್ಲ. ಇಡ್ತೀನಿ," ಎಂದು ಇಟ್ಟುಬಿಟ್ಟಳು. ನಾನು ಮತ್ತೆ ಮಾಡಲಿಲ್ಲ. ಇವರಿಗೆ ಅಂದು ರಾತ್ರಿ ಎಲ್ಲ ಹೇಳಿದೆ. ಇವರು, "ಇದನ್ನ ಯಾರ ಮುಂದೂ ಆಡಬ್ಯಾಡ," ಎಂದರು. ಅಲ್ಲಿಗೆ ಭಯಪಡುವವರು ಮೂವರಾದೆವು.

ಆ ಚಿತ್ರದಿಂದ ಆಕೆಗೆ ಹೆಸರು ಬಂತು. ಅರವತ್ತರ ಹೊಸ್ತಿಲಲ್ಲಿ ಮತ್ತೆ ಪಾರ್ಟುಗಳು ಸಿಕ್ಕವು, ಇನ್ನೆರಡು ಕಥೆ ಬರೆದಳು. ನಾನು ಯಾವುದನ್ನೂ ನೋಡಲಿಲ್ಲ.

ಆ ಚಿತ್ರ ಬಂದು ಮೂರ್ನಾಲ್ಕು ವರ್ಷಕ್ಕೆ ನಾನು ಯಾರ್ಕ್‌ಶೈರಿನ ಒಂದು ಆಸ್ಪತ್ರೆಯಲ್ಲಿ ಹಿರಿಯ ಕನ್ಸಲ್ಟೆಂಟಿನ ಕೈಕೆಳಗೆ ರಿಜಿಸ್ಟ್ರಾರ್ ಡಾಕ್ಟರ್ ಆಗಿದ್ದೆ. ಒಂದು ಬೆಳಿಗ್ಗೆ ರೌಂಡ್ಸಿನಲ್ಲಿ ಕನ್ಸಲ್ಟೆಂಟ್ ಪರದೆ ಸರಿಸಿದರು. ಹಾಸಿಗೆಯಲ್ಲಿ ಆಕೆ. ತಲೆಯಲ್ಲಿ ಕೂದಲಿಲ್ಲ, ಮೈ ಅರ್ಧವಾಗಿತ್ತು. ಕಣ್ಣು ಮಾತ್ರ ಅದೇ. ಕ್ಯಾನ್ಸರ್ ಯಕೃತ್ತಿಗೆ ಹರಡಿದೆ ಎಂದು ಫೈಲಿನಲ್ಲಿತ್ತು. ಆಕೆಗೆ ಅದಾಗಲೇ ತಿಳಿಸಿದ್ದರು.

ಕನ್ಸಲ್ಟೆಂಟ್ ಮಾತಿನ ಮಲ್ಲ. "ನಿಮ್ಮ ಆ ಪರೀಕ್ಷೆಯ ಪಿಕ್ಚರ್ ನಾನೂ ನನ್ನ ಹೆಂಡತಿಯೂ ಎರಡು ಸಲ ನೋಡಿದ್ವಿ," ಎಂದು ಶುರುಮಾಡಿ, ನನ್ನ ಕಡೆ ತಿರುಗಿ, "ನಮ್ಮ ಡಾಕ್ಟರ್ ಕೂಡ ಅದೇ ಪರೀಕ್ಷೆ ಬರೆದು ಬಂದವರು. ಮ್ಯಾಂಚೆಸ್ಟರಿನಲ್ಲೇ ಅಲ್ವಾ? ನೀವಿಬ್ಬರು ಅಲ್ಲೆಲ್ಲೋ ಭೇಟಿಯಾಗಿರ್ಬೇಕು," ಎಂದು ನಕ್ಕರು. ಹಿಂದೆ ನಿಂತಿದ್ದ ಇಬ್ಬರು ಜೂನಿಯರುಗಳೂ ನಕ್ಕರು.

ನಾನು ಚಾರ್ಟ್ ಕೈಗೆತ್ತಿಕೊಂಡೆ.

"ಇಲ್ಲ ಲವ್," ಎಂದಳು ಆಕೆ, ನನ್ನನ್ನೇ ನೋಡುತ್ತ, ಆ ಅಪರಿಚಿತ ಕಣ್ಣಿನಲ್ಲಿ. "ಇವರನ್ನ ನಾನು ನೋಡೇ ಇಲ್ಲ. ನೋಡಿದ್ರೆ ನೆನಪಿರ್ತಿತ್ತು."

ನಾನು ಚಾರ್ಟಿನಲ್ಲಿ ನೋವಿನ ಔಷಧದ ಪ್ರಮಾಣ ಬರೆದೆ. ಪರದೆ ಎಳೆದು ಮುಂದಿನ ಹಾಸಿಗೆಗೆ ಹೋದೆವು.

ಮಧ್ಯಾಹ್ನ ತಡೆಯಲಾಗಲಿಲ್ಲ. ಒಬ್ಬಳೇ ಹೋದೆ. ಪಕ್ಕದ ಹಾಸಿಗೆಯ ಮುದುಕಿ ನಿದ್ದೆಹೋಗಿದ್ದಳು. ನಾನು ಮೆಲ್ಲಗೆ "ಮೇಡಂ" ಎಂದೆ. ಆಕೆ ಕಣ್ಣು ತೆರೆದಳು. ಈಗ ಅವುಗಳಲ್ಲಿ ನನ್ನ ಗುರುತಿತ್ತು.

"ಭಯ ಆಗ್ತಿದೆಯಾ?" ಎಂದು ಕೇಳಿದೆ.

"ಹೂಂ," ಎಂದಳು. ಅದನ್ನು ಮುಚ್ಚಿಡುವ ಒದ್ದಾಟವೇ ಇರಲಿಲ್ಲ. ಕೈ ಹೊದಿಕೆಯ ಮೇಲೆ ನನ್ನ ಕಡೆ ಸ್ವಲ್ಪ ಜರುಗಿತು. "ಐದು ನಿಮಿಷ ಕೂತ್ಕೋತೀಯಾ?"

ಹಾಸಿಗೆಯ ಪಕ್ಕದಲ್ಲೇ ಕುರ್ಚಿ ಇತ್ತು. ಆಗ ವಾರ್ಡಿನ ಆ ತುದಿಯಿಂದ ನರ್ಸ್ ಟ್ರಾಲಿ ತಳ್ಳಿಕೊಂಡು ಬರುವ ಸದ್ದಾಯಿತು. ಬೆಳಿಗ್ಗೆ ಪರಿಚಯವಿಲ್ಲ ಎನ್ನಿಸಿಕೊಂಡವಳು ಈಗ ಕೈಹಿಡಿದು ಕೂತಿದ್ದರೆ ಏನೆಂದುಕೊಂಡಾರು? ನಾನು ಕೂರಲಿಲ್ಲ. ಹಾಸಿಗೆಯ ಕಾಲಬದಿಗೆ ಸರಿದು, ಚಾರ್ಟ್ ಎತ್ತಿಕೊಂಡು, ಓದುವವಳ ಹಾಗೆ ನಿಂತೆ. ನರ್ಸ್ ಹತ್ತಿರ ಬಂದಾಗ ಆಕೆ ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡು, "ಥ್ಯಾಂಕ್ಯೂ ಡಾಕ್ಟರ್," ಎಂದಳು. ಮರುದಿನ ನನಗೆ ಡ್ಯೂಟಿ ಇರಲಿಲ್ಲ. ಅದರ ಮರುದಿನ ಹೋಗುವಷ್ಟರಲ್ಲಿ ಆಕೆಯನ್ನು ಕೊನೆಗಾಲದವರನ್ನು ನೋಡಿಕೊಳ್ಳುವ ಮನೆಗೆ ಕಳಿಸಿದ್ದರು. ಹುಡುಕಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ.

ಆಕೆಗೆ ಮಕ್ಕಳಿರಲಿಲ್ಲ. ಗೆಳೆಯರು ಇಂಟರ್ನೆಟ್ಟಿನಲ್ಲಿ ಒಂದು ಪುಟ ತೆರೆದು, ಆಕೆಯನ್ನು ಬಲ್ಲವರೆಲ್ಲ ನಾಲ್ಕು ಸಾಲು ಬರೆಯಿರಿ ಎಂದು ಕೇಳಿಕೊಂಡಿದ್ದರು. ಆ ಸ್ಪೇನಿನ ಹುಡುಗಿ ಕೂಡ ಬರೆದಿದ್ದಳು, ತನ್ನ ಪೂರ್ತಿ ಹೆಸರು ಹಾಕಿ. ನಾನು ಅಲ್ಲಿ ಬರೆಯದೆ ಇಲ್ಲಿ ಬರೆಯುತ್ತಿದ್ದೇನೆ, ಆ ಊರಿನವರು ಓದಲಾರದ ಭಾಷೆಯಲ್ಲಿ. ಅಷ್ಟಾದರೂ ಶುರುಮಾಡುವಾಗ ಮೊದಲ ಸಾಲಿನಲ್ಲೇ ಆಕೆಯ ಹೆಸರು ಬರೆದಿದ್ದೆ. ಯಾರಾದರೂ ಆ ಹೆಸರು ಹುಡುಕಿ, ಚಿತ್ರ ನೋಡಿ, ವರ್ಷ ಕೂಡಿಸಿ, ನನ್ನ ತನಕ ಬಂದರೆ ಎಂದು ಕೈ ತಡೆಯಿತು. ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ.